ಘಟ್ಟದ ಮೇಲಿನ ಮನೆಗಳಲ್ಲಿ ಸ್ಕಿಜೋಫ್ರೇನಿಯಾ: ಮನೆಯವರು ಮಾಡಬಹುದಾದದ್ದು

ಸ್ಕಿಜೋಫ್ರೇನಿಯಾ ಬಂದವರಿಗೆ ಬೇರೆ ಯಾರಿಗೂ ಕೇಳದ ದನಿಗಳು ಕೇಳುತ್ತವೆ. ಯಾರೋ ಹಿಂಬಾಲಿಸುತ್ತಿದ್ದಾರೆ, ಊಟಕ್ಕೆ ವಿಷ ಹಾಕುತ್ತಿದ್ದಾರೆ, ತನ್ನ ಯೋಚನೆ ಊರಿಗೆಲ್ಲ ತಿಳಿದುಹೋಗುತ್ತಿದೆ ಎಂಬಂಥ ನಂಬಿಕೆಗಳು ಯಾವ ಸಮಾಧಾನಕ್ಕೂ ಜಗ್ಗದಷ್ಟು ಗಟ್ಟಿಯಾಗುತ್ತವೆ. ಮಾತಿನ ಎಳೆ ತಪ್ಪಿ, ಒಂದು ವಾಕ್ಯಕ್ಕೂ ಮುಂದಿನದಕ್ಕೂ ಸಂಬಂಧ ಉಳಿಯುವುದಿಲ್ಲ. ಇವು ಬೇಗ ಗಮನಕ್ಕೆ ಬರುವ ಲಕ್ಷಣಗಳು. ಸದ್ದಿಲ್ಲದೆ ಬರುವ ಇನ್ನೊಂದು ಗುಂಪಿದೆ. ಉತ್ಸಾಹ ಬತ್ತುತ್ತದೆ, ಮಾತು ಕಡಿಮೆಯಾಗುತ್ತದೆ, ಸ್ನಾನ ತಪ್ಪುತ್ತದೆ, ಸಂತೋಷ ದುಃಖ ಎರಡೂ ಮುಖದಲ್ಲಿ ಕಾಣದಾಗುತ್ತವೆ. ಮೊದಲ ಗುಂಪನ್ನು ಮನೆಯವರು ಕಾಯಿಲೆ ಎಂದು ಹೇಗೋ ಒಪ್ಪುತ್ತಾರೆ. ಎರಡನೆಯದಕ್ಕೆ ಸೋಮಾರಿತನ ಎಂಬ ಹೆಸರು ಬೀಳುತ್ತದೆ. ಪಿಯುಸಿಯವರೆಗೆ ಚೆನ್ನಾಗಿ ಓದುತ್ತಿದ್ದ ಹುಡುಗ ಕಾಲೇಜು ಬಿಟ್ಟು, ಹಗಲೆಲ್ಲ ಮಲಗಿ, ರಾತ್ರಿ ಜಗಲಿಯಲ್ಲಿ ಅತ್ತಿಂದಿತ್ತ ನಡೆಯತೊಡಗಿದರೆ ಬೈಗುಳಗಳು ಮೊದಲು ಬರುತ್ತವೆ, ವೈದ್ಯರ ನೆನಪು ಬಹಳ ತಡವಾಗಿ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 300 ಜನರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆ. 2011ರ ಜನಗಣತಿಯಲ್ಲಿ ಉತ್ತರ ಕನ್ನಡದ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳ ಒಟ್ಟು ಜನಸಂಖ್ಯೆ ಮೂರೂವರೆ ಲಕ್ಷ ದಾಟಿತ್ತು. ಅದೇ ಅಂದಾಜನ್ನು ಇಲ್ಲಿಗೆ ಅನ್ವಯಿಸಿದರೆ ಈ ಮೂರು ತಾಲ್ಲೂಕುಗಳಲ್ಲೇ ಸಾವಿರಕ್ಕೂ ಹೆಚ್ಚು ಮಂದಿ ಇರಬೇಕು. ಗಂಡಸರಲ್ಲಿ ಹದಿಹರೆಯದ ಕೊನೆಗೆ ಅಥವಾ ಇಪ್ಪತ್ತರ ಆರಂಭದಲ್ಲಿ, ಹೆಂಗಸರಲ್ಲಿ ಅದಕ್ಕಿಂತ ಕೆಲವು ವರ್ಷ ತಡವಾಗಿ ಕಾಯಿಲೆ ತಲೆದೋರುವುದು ಹೆಚ್ಚು. ಓದು, ಕೆಲಸ, ಮದುವೆ ಎಲ್ಲವೂ ಕೂಡಿಬರುವ ವಯಸ್ಸು ಅದು. ಸಂಕಟವೂ ಅದಕ್ಕೇ ಅಷ್ಟು ದೊಡ್ಡದು.

ಕಾರಣ ಒಂದೇ ಅಲ್ಲ. ಅನುವಂಶೀಯತೆಯ ಪಾಲು ದೊಡ್ಡದು. ಆದರೆ ತಂದೆ ಅಥವಾ ತಾಯಿ, ಇಬ್ಬರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಹತ್ತು. ಉಳಿದ ತೊಂಬತ್ತು ಮಂದಿಗೆ ಬರುವುದಿಲ್ಲ. ಗಾಂಜಾ ಸೇವನೆ, ಅದರಲ್ಲೂ ಎಳೆಯ ವಯಸ್ಸಿನಲ್ಲಿ, ಅಪಾಯವನ್ನು ಹೆಚ್ಚಿಸುತ್ತದೆ. ತಾಯಿ ಬೆಳೆಸಿದ ರೀತಿಯಿಂದ, ತಂದೆಯ ಸಿಟ್ಟಿನಿಂದ, ಪರೀಕ್ಷೆ ಫೇಲಾದುದರಿಂದ ಸ್ಕಿಜೋಫ್ರೇನಿಯಾ ಹುಟ್ಟುವುದಿಲ್ಲ. ತಾಯಿಯನ್ನು ದೂರುವ ಸಿದ್ಧಾಂತವೊಂದು ಕಳೆದ ಶತಮಾನದ ನಡುವಿನಲ್ಲಿ ಅಮೆರಿಕದಲ್ಲಿ ಪ್ರಚಾರದಲ್ಲಿತ್ತು. ಸಂಶೋಧನೆ ಅದನ್ನು ಎಂದೋ ತಳ್ಳಿಹಾಕಿದೆ. ಆದರೂ ಇಂದಿಗೂ ಎಷ್ಟೋ ತಾಯಂದಿರು ತಮ್ಮನ್ನೇ ದೂರಿಕೊಂಡು ಕೊರಗುತ್ತಾರೆ. ಅವರಿಗೆ ಮೊದಲು ತಿಳಿಯಬೇಕಾದದ್ದು ಇದು: ತಪ್ಪು ಅವರದಲ್ಲ.

ತಡವಾಗುವುದು ಎಲ್ಲಿ

ಘಟ್ಟದ ಮೇಲಿನ ಮನೆಗಳು ಒಂದಕ್ಕೊಂದು ದೂರ. ತೋಟದ ಅಂಚಿಗೊಂದು ಮನೆ, ಅದರ ಹಿಂದೆ ಸೊಪ್ಪಿನ ಬೆಟ್ಟ, ಮುಂದಿನ ಮನೆಗೆ ಹೋಗಲು ಹಳ್ಳ ದಾಟಬೇಕು. ಯಲ್ಲಾಪುರದ ಸಿದ್ದಿ, ಗೌಳಿ ಸಮುದಾಯಗಳ ವಾಡೆಗಳು ಕಾಡಿನ ಇನ್ನೂ ಒಳಗೆ. ಇಲ್ಲಿ ಒಬ್ಬರ ಕಾಯಿಲೆಯನ್ನು ವರ್ಷಗಟ್ಟಲೆ ಮುಚ್ಚಿಡುವುದು ಕಷ್ಟವಲ್ಲ. ‘ಮಳ್ಳು’ (ಹುಚ್ಚು) ಎಂಬ ಮಾತು ಊರಲ್ಲಿ ಹರಡಿದರೆ ತಂಗಿಯ ಮದುವೆಗೆ ತೊಡಕಾದೀತು ಎಂಬ ಹೆದರಿಕೆಯಿಂದಲೇ ಎಷ್ಟೋ ಮನೆಗಳಲ್ಲಿ ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡಿದೆ.

ಗಾಳಿ ಸೋಕಿದೆ, ಚೌಡಿಯ ಕಾಟ, ನಾಗದೋಷ, ಯಾರೋ ಮಾಟ ಮಾಡಿಸಿದ್ದಾರೆ ಎಂಬ ವಿವರಣೆಗಳು ಮನೆಬಾಗಿಲಿಗೇ ಬರುತ್ತವೆ. ಪ್ರಶ್ನೆ ಕೇಳಿಸುವುದು, ಹರಕೆ ಹೊರುವುದು, ಶಾಂತಿ ಮಾಡಿಸುವುದು ನಡೆಯುತ್ತದೆ. ಕಂಗೆಟ್ಟ ಮನೆಗೆ ಶಿರಸಿಯ ಮಾರಿಕಾಂಬೆಯ ಮುಂದೆ ಕೈಮುಗಿಯುವುದು ಧೈರ್ಯ ಕೊಡುತ್ತದೆ ಎಂದಾದರೆ ಅದನ್ನು ಹೀಗಳೆಯಬೇಕಾದ ಅಗತ್ಯವಿಲ್ಲ. ವೈದ್ಯರೂ ಪೂಜೆ ಬಿಡಿ ಎನ್ನುವುದಿಲ್ಲ. ಹಾನಿಯಾಗುವುದು ಮೂರು ಸಂದರ್ಭಗಳಲ್ಲಿ: ಪೂಜೆ ಮುಗಿಯಲಿ ಎಂದು ಚಿಕಿತ್ಸೆ ಮುಂದೂಡಿದಾಗ, ಮಾಂತ್ರಿಕನ ಮಾತು ಕೇಳಿ ಮಾತ್ರೆ ನಿಲ್ಲಿಸಿದಾಗ, ಬಿಡಿಸುವ ಹೆಸರಿನಲ್ಲಿ ಹೊಡೆತ, ಬರೆ, ಉಪವಾಸಕ್ಕೆ ರೋಗಿಯನ್ನು ಒಡ್ಡಿದಾಗ. ಚಿಕಿತ್ಸೆಯಿಲ್ಲದೆ ಕಳೆದ ಅವಧಿ ಉದ್ದವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ.

ಮದುವೆ ಮಾಡಿದರೆ ಸರಿಹೋಗುತ್ತದೆ ಎಂಬ ಸಲಹೆ ಎಲ್ಲಕ್ಕಿಂತ ಕ್ರೂರವಾದದ್ದು. ಮುಚ್ಚಿಟ್ಟು ಮಾಡಿದ ಮದುವೆಯಲ್ಲಿ ಗುಟ್ಟು ಹೊರಬೀಳದಿರಲೆಂದು ಮಾತ್ರೆ ನಿಲ್ಲುತ್ತದೆ, ಕಾಯಿಲೆ ಮರುಕಳಿಸುತ್ತದೆ, ಏನೂ ಅರಿಯದ ಇನ್ನೊಂದು ಜೀವ ನರಳುತ್ತದೆ. ಕಾಯಿಲೆ ಹತೋಟಿಯಲ್ಲಿದ್ದು, ಎದುರಿನವರಿಗೆ ಎಲ್ಲವನ್ನೂ ತಿಳಿಸಿ, ವೈದ್ಯರೊಂದಿಗೆ ಮಾತಾಡಿ ಆದ ಮದುವೆಗಳು ಚೆನ್ನಾಗಿ ನಡೆದದ್ದೂ ಇದೆ. ಎರಡಕ್ಕೂ ಇರುವ ವ್ಯತ್ಯಾಸ ಸತ್ಯ ಹೇಳಿದ್ದು ಮಾತ್ರ.

ಮಾತಾಡುವ ಬಗೆ

ಕಾಯಿಲೆಯ ಹೊತ್ತಿನಲ್ಲಿ ಮನೆಯವರು ಸೋಲುವುದು ಮಾತಿನಲ್ಲಿ. ಎರಡು ದಾರಿಗಳು ಸಹಜವಾಗಿ ತೋಚುತ್ತವೆ: ‘ಅದೆಲ್ಲ ಸುಳ್ಳು, ಸುಮ್ಮನಿರು’ ಎಂದು ಗದರುವುದು, ಇಲ್ಲವೇ ಜಗಳ ಬೇಡವೆಂದು ‘ಹೌದು ಹೌದು’ ಎಂದುಬಿಡುವುದು. ಎರಡೂ ಕೆಲಸಕ್ಕೆ ಬಾರವು. ಭ್ರಮೆಯೊಂದಿಗೆ ವಾದಿಸಿದರೆ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ವಾದಿಸಿದವರೂ ಶತ್ರುಗಳ ಪಟ್ಟಿಗೆ ಸೇರುತ್ತಾರೆ. ಒಪ್ಪಿಕೊಂಡರೆ ಭ್ರಮೆಗೆ ಸಾಕ್ಷಿ ಹೇಳಿದಂತಾಗುತ್ತದೆ. ನಡುವಿನ ದಾರಿಯೊಂದಿದೆ. ನಂಬಿಕೆಯನ್ನು ಅತ್ತ ಇಟ್ಟು, ಅದು ಹುಟ್ಟಿಸಿದ ಹೆದರಿಕೆಗೆ ಉತ್ತರ ಕೊಡುವುದು.

ರಾತ್ರಿ ಊಟಕ್ಕೆ ಕೂತ ಮಗ ತಟ್ಟೆ ತಳ್ಳಿ, ‘ಅನ್ನಕ್ಕೆ ಎಂತದೋ ಹಾಕಿದ್ದಾರೆ ಆಯಿ, ನಂಗೆ ಗೊತ್ತಿದೆ’ ಎನ್ನುತ್ತಾನೆ ಎಂದಿಟ್ಟುಕೊಳ್ಳಬಹುದು. ‘ಯಾರು ಹಾಕ್ತಾರೆ, ಹುಚ್ಚು ಮಾತಾಡಬೇಡ’ ಎಂದರೆ ಅಲ್ಲಿಗೆ ಊಟವೂ ಮಾತೂ ಮುಗಿಯಿತು. ‘ನಂಗೆ ಹಂಗೆ ಅನ್ನಿಸ್ತಾ ಇಲ್ಲ ತಮಾ. ಆದ್ರೆ ನಿಂಗೆ ಹೆದರಿಕೆ ಆಗಿದ್ದು ಗೊತ್ತಾಗ್ತದೆ. ಬಾ, ಇದೇ ಪಾತ್ರೆಯಿಂದ ನಾನೂ ಬಡಿಸ್ಕೊಳ್ತೇನೆ, ಒಟ್ಟಿಗೆ ಕೂತು ಉಣ್ಣುವ’ ಎಂದ ಆಯಿ ಸುಳ್ಳು ಹೇಳಲಿಲ್ಲ, ಅಣಕಿಸಲಿಲ್ಲ, ಹೆದರಿಕೆಯನ್ನು ಕಡೆಗಣಿಸಲೂ ಇಲ್ಲ. ಅವಳ ಅನಿಸಿಕೆ ಒಂದೇ ವಾಕ್ಯದಲ್ಲಿ ಮುಗಿಯಿತು. ಉಳಿದದ್ದೆಲ್ಲ ಮಗನ ಪರವಾಗಿ ಇತ್ತು.

ಹೀಗೆ ಮಾತಾಡುವಾಗ ವಾಕ್ಯಗಳು ಚಿಕ್ಕದಾಗಿರಬೇಕು. ಒಮ್ಮೆಗೆ ಒಬ್ಬರೇ ಮಾತಾಡಬೇಕು. ಟಿವಿ ಆರಿಸಿದರೆ ಒಳ್ಳೆಯದು, ಏಕೆಂದರೆ ಒಳಗಿನ ದನಿಯ ಜತೆ ಹೊರಗಿನ ಸದ್ದೂ ಸೇರಿದರೆ ಎದುರಿನವರ ಮಾತು ಹಿಡಿಯುವುದು ಅವರಿಗೆ ಕಷ್ಟ. ಉತ್ತರಕ್ಕೆ ಕಾಯಬೇಕು. ಅಡುಗೆಮನೆಯಲ್ಲಿ ಪಿಸುಗುಟ್ಟುವುದು, ಅವರು ಬಂದೊಡನೆ ಮಾತು ನಿಲ್ಲಿಸುವುದು ಸಂಶಯದ ಬೆಂಕಿಗೆ ತುಪ್ಪ ಸುರಿದಂತೆ.

ಕೇಳುವ ದನಿಗಳ ಬಗ್ಗೆಯೂ ನೇರವಾಗಿ, ಮೆಲ್ಲಗೆ ವಿಚಾರಿಸಬಹುದು. ಹಾಗೆ ಕೇಳಿದರೆ ಕಾಯಿಲೆ ಹೆಚ್ಚುತ್ತದೆ ಎಂಬುದು ತಪ್ಪು ಕಲ್ಪನೆ. ಅಮೆರಿಕದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಚೆನ್ನೈ, ಘಾನಾದ ಅಕ್ರಾ, ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೊ ಈ ಮೂರು ಊರುಗಳ ರೋಗಿಗಳನ್ನು ಮಾತಾಡಿಸಿದಾಗ ದೊಡ್ಡ ಅಂತರ ಕಂಡಿತು. ಅಮೆರಿಕದವರು ತಮ್ಮ ದನಿಗಳನ್ನು ಹಿಂಸೆಯ, ದಾಳಿಯ ಮಾತುಗಳೆಂದು ಬಣ್ಣಿಸಿದರೆ, ಚೆನ್ನೈಯ ಅನೇಕರಿಗೆ ಅವು ಬಂಧುಗಳ ದನಿಗಳಾಗಿದ್ದವು. ಸ್ನಾನ ಮಾಡು, ಮನೆ ಗುಡಿಸು ಎಂದು ಬುದ್ಧಿ ಹೇಳುತ್ತಿದ್ದವು, ಬೈಯುತ್ತಿದ್ದವು. ದನಿ ಏನು ಹೇಳುತ್ತದೆ ಎಂದು ತಿಳಿಯುವುದು ಕುತೂಹಲಕ್ಕಲ್ಲ. ಬಾವಿಗೆ ಹಾರು, ಯಾರನ್ನೋ ಹೊಡೆ ಎಂಬ ಆಜ್ಞೆ ಕೇಳುತ್ತಿದ್ದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ಕಾಯಿಲೆ ಬಂದವರಲ್ಲಿ ಬಹಳ ಮಂದಿಗೆ ತಮಗೆ ಕಾಯಿಲೆ ಇದೆ ಎಂಬ ಅರಿವೇ ಇರುವುದಿಲ್ಲ. ಇದು ಹಟವಲ್ಲ, ಕಾಯಿಲೆಯದೇ ಭಾಗ. ‘ನಿನಗೆ ತಲೆ ಸರಿಯಿಲ್ಲ, ಡಾಕ್ಟರ ಹತ್ತಿರ ನಡೆ’ ಎಂದರೆ ಬರುವುದಿಲ್ಲ. ‘ರಾತ್ರಿ ನಿದ್ದೆ ಬರ್ತಾ ಇಲ್ಲ ಅಂದ್ಯಲ್ಲ, ಅದಕ್ಕೊಂದು ಔಷಧಿ ಕೇಳಿ ಬರುವ’ ಎಂದರೆ ಬರಬಹುದು. ನಿದ್ದೆಗೇಡು, ಸುಸ್ತು, ಹೆದರಿಕೆ ಅವರಿಗೂ ಗೊತ್ತಿರುವ ತೊಂದರೆಗಳು. ಅಲ್ಲಿಂದಲೇ ಶುರು ಮಾಡಬೇಕು. ಅವರು ಯಾರ ಮಾತನ್ನು ಕೇಳುತ್ತಾರೋ ಅವರಿಂದ, ಸೋದರಮಾವನಿಂದಲೋ ಹಳೆಯ ಮೇಷ್ಟ್ರಿಂದಲೋ, ಹೇಳಿಸುವುದು ಮೇಲು. ಸುಳ್ಳು ಹೇಳಿ ಗಾಡಿ ಹತ್ತಿಸಿ ಆಸ್ಪತ್ರೆಯಲ್ಲಿ ಇಳಿಸುವುದನ್ನು ಸಾಧ್ಯವಾದಷ್ಟೂ ತಪ್ಪಿಸಬೇಕು. ಒಮ್ಮೆ ಹೋದ ನಂಬಿಕೆ ಮುಂದಿನ ಹತ್ತು ಭೇಟಿಗಳನ್ನು ಹಾಳುಮಾಡುತ್ತದೆ.

ಎಲ್ಲಿಗೆ ಹೋಗುವುದು

ಒಂದು ಕಾಲದಲ್ಲಿ ಈ ಸೀಮೆಯವರಿಗೆ ಇದ್ದ ಉತ್ತರ ಧಾರವಾಡ. 1845ರಲ್ಲಿ ಅಲ್ಲಿ ಆರಂಭವಾದ ಹುಚ್ಚಾಸ್ಪತ್ರೆಯೇ ಇಂದಿನ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಜನರ ಬಾಯಲ್ಲಿ ಡಿಮ್ಹಾನ್ಸ್. ‘ಧಾರವಾಡಕ್ಕೆ ಹಾಕಬೇಕು’ ಎಂಬ ಮಾತು ಉತ್ತರ ಕನ್ನಡದ ಮನೆಗಳಲ್ಲಿ ಬೈಗುಳವಾಗಿಯೇ ಉಳಿದುಹೋಯಿತು. ಈಗ ಅಲ್ಲಿ ಹೊರರೋಗಿ ವಿಭಾಗ ನಡೆಯುತ್ತದೆ, ಬಹುಪಾಲು ಜನ ತೋರಿಸಿಕೊಂಡು ಮಾತ್ರೆ ಪಡೆದು ಅದೇ ದಿನ ಮನೆಗೆ ಮರಳುತ್ತಾರೆ. ಯಲ್ಲಾಪುರದವರಿಗೆ ಹುಬ್ಬಳ್ಳಿ-ಧಾರವಾಡವೂ, ಸಿದ್ದಾಪುರದವರಿಗೆ ಸಾಗರ ದಾಟಿ ಶಿವಮೊಗ್ಗವೂ ಅನುಕೂಲ. ಜಿಲ್ಲಾ ಕೇಂದ್ರ ಕಾರವಾರಕ್ಕೆ ಹೋಗಬೇಕಾದರೆ ಘಟ್ಟ ಇಳಿಯಬೇಕು.

ಆದರೆ ಮೊದಲ ಹೆಜ್ಜೆಗೆ ಇಷ್ಟು ದೂರ ಹೋಗಬೇಕಿಲ್ಲ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟು, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಯಲ್ಲೇ ಕೊಡಬಹುದೆಂದು ತೋರಿಸಿದರು. ಆ ಬಳ್ಳಾರಿ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕರ್ನಾಟಕ 2014ರಲ್ಲಿ ಮನೋಚೈತನ್ಯ ಕಾರ್ಯಕ್ರಮ ಆರಂಭಿಸಿ, ಗೊತ್ತುಪಡಿಸಿದ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬರುವ ವ್ಯವಸ್ಥೆ ಮಾಡಿತು. ಶಿರಸಿಯ ಪಂಡಿತ ಸಾರ್ವಜನಿಕ ಆಸ್ಪತ್ರೆಯಲ್ಲೋ, ಸಿದ್ದಾಪುರ, ಯಲ್ಲಾಪುರದ ತಾಲ್ಲೂಕು ಆಸ್ಪತ್ರೆಗಳಲ್ಲೋ ಮನೋವೈದ್ಯರು ಯಾವ ದಿನ ಸಿಗುತ್ತಾರೆಂದು ವಿಚಾರಿಸಿ ಹೊರಟರೆ ಒಂದು ಓಡಾಟ ಉಳಿಯುತ್ತದೆ. ಊರಿನ ಆಶಾ ಕಾರ್ಯಕರ್ತೆಗೆ ಈ ಮಾಹಿತಿ ಇರುತ್ತದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿ ಬರಲೊಪ್ಪದಿದ್ದಾಗ ಏನು ಮಾಡಬೇಕೆಂದು ಮನೆಯವರೂ ಅಲ್ಲಿ ಕೇಳಬಹುದು.

ಮಲೆನಾಡಿನಲ್ಲಿ ಇದು ಆಗಹೋಗುವ ಮಾತೇ ಎನ್ನುವವರಿಗೆ ತೀರ್ಥಹಳ್ಳಿಯ ಉದಾಹರಣೆ ಇದೆ. ಅಡಿಕೆ ತೋಟ, ಚದುರಿದ ಮನೆಗಳು, ಜಡಿಮಳೆ ಎಲ್ಲದರಲ್ಲೂ ಸಿದ್ದಾಪುರಕ್ಕೆ ಹೋಲುವ ತಾಲ್ಲೂಕು ಅದು. 2005ರಿಂದ ನಿಮ್ಹಾನ್ಸ್ ಅಲ್ಲಿ ಊರೂರಿನ ಆರೋಗ್ಯ ಕಾರ್ಯಕರ್ತೆಯರ ನೆರವಿನಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಹುಡುಕಿ, ಅಗ್ಗದ ಸಾಮಾನ್ಯ ಔಷಧಗಳನ್ನೇ ಕೊಟ್ಟು, ವರ್ಷಗಟ್ಟಲೆ ಬೆನ್ನುಹತ್ತಿತು. ಮನೋವೈದ್ಯ ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿದೆ: ಔಷಧ ಮುಂದುವರಿಸಿದವರಲ್ಲೂ ಹೊಸದಾಗಿ ಶುರುಮಾಡಿದವರಲ್ಲೂ ದಿನನಿತ್ಯದ ಬದುಕಿನ ಅಸಮರ್ಥತೆ ಇಳಿಯಿತು, ಔಷಧವಿಲ್ಲದೆ ಉಳಿದವರದು ಇದ್ದಲ್ಲೇ ಇತ್ತು.

ಮಾತ್ರೆ, ಮಳೆಗಾಲ, ಕವಳ

1952ರಲ್ಲಿ ಪ್ಯಾರಿಸ್ಸಿನಲ್ಲಿ ಕ್ಲೋರ್‌ಪ್ರೊಮಝೀನ್ ಎಂಬ ಔಷಧ ಬಳಕೆಗೆ ಬಂದ ಮೇಲೆ ಈ ಕಾಯಿಲೆಯ ಚರಿತ್ರೆಯೇ ಬದಲಾಯಿತು. ಈಗ ಹೆಚ್ಚು ಬಳಕೆಯಲ್ಲಿರುವ ರಿಸ್ಪೆರಿಡೋನ್, ಒಲಾನ್‌ಝಪಿನ್ ಮೊದಲಾದವು ಆ ನಂತರದ ಪೀಳಿಗೆಯವು. ದನಿಗಳು, ಭ್ರಮೆಗಳು ಇವುಗಳಿಂದ ಕೆಲವು ವಾರಗಳಲ್ಲಿ ತಗ್ಗುತ್ತವೆ. ಉತ್ಸಾಹ ಬತ್ತುವಂಥ ಲಕ್ಷಣಗಳು ನಿಧಾನ. ಮನೆಯವರು ಎಡವುವುದು ಇಲ್ಲೇ. ಹುಡುಗ ಸರಿಯಾದ, ಇನ್ನೇಕೆ ಮಾತ್ರೆ ಎಂದು ನಿಲ್ಲಿಸುತ್ತಾರೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟುಗೂಡಿಸಿ 2012ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಒಂದು ವರ್ಷದೊಳಗೆ ಕಾಯಿಲೆ ಮರುಕಳಿಸಿದ್ದು ಔಷಧ ಮುಂದುವರಿಸಿದ ನೂರರಲ್ಲಿ 27 ಮಂದಿಗೆ, ನಿಲ್ಲಿಸಿದ ನೂರರಲ್ಲಿ 64 ಮಂದಿಗೆ. ಮೊದಲ ಸಲ ಬಂದು ವಾಸಿಯಾದವರಿಗೆ ಒಂದೆರಡು ವರ್ಷವಾದರೂ, ಮರುಕಳಿಸಿದವರಿಗೆ ಇನ್ನೂ ಹೆಚ್ಚು ಕಾಲ ಔಷಧ ಬೇಕಾಗುತ್ತದೆ. ನಿಲ್ಲಿಸುವ, ಇಳಿಸುವ ತೀರ್ಮಾನ ವೈದ್ಯರದು.

ಘಟ್ಟದ ಮೇಲೆ ಮಾತ್ರೆ ತಪ್ಪಲು ಮಳೆಯೂ ಒಂದು ಕಾರಣ. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿದು, ಅರಬೈಲು ಘಟ್ಟದ ರಸ್ತೆಯೂ ಕಡಿದುಹೋದಾಗ ಎಷ್ಟೋ ಊರುಗಳಿಗೆ ಪೇಟೆಯೇ ಇಲ್ಲದಂತಾಗಿತ್ತು. ಮಳೆಗಾಲಕ್ಕೆಂದು ಸೌದೆ, ಹಪ್ಪಳ ಕೂಡಿಡುವ ಮನೆಗಳು ವೈದ್ಯರನ್ನು ಕೇಳಿ ಒಂದು ತಿಂಗಳ ಹೆಚ್ಚುವರಿ ಮಾತ್ರೆಯನ್ನೂ ಜೂನಿಗೆ ಮೊದಲೇ ತಂದಿಟ್ಟುಕೊಳ್ಳಬೇಕು. ಅದನ್ನು ರೋಗಿಯ ಕೈಗೆ ಒಟ್ಟಿಗೇ ಕೊಡದೆ ಮನೆಯವರು ಇಟ್ಟುಕೊಳ್ಳಬೇಕು. ದಿನವೂ ಮಾತ್ರೆಗೆ ಒಪ್ಪದವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುವ ಚುಚ್ಚುಮದ್ದು ಇದೆ. ಸಾರಿನಲ್ಲೋ ಕಷಾಯದಲ್ಲೋ ಗುಟ್ಟಾಗಿ ಮಾತ್ರೆ ಬೆರೆಸುವ ರೂಢಿಯನ್ನು ಬಿಡುವುದು ಒಳ್ಳೆಯದು. ಊಟಕ್ಕೆ ಏನೋ ಹಾಕುತ್ತಿದ್ದಾರೆಂದು ಹೆದರುವವರಿಗೆ ಒಂದು ದಿನ ಅದು ಗೊತ್ತಾದರೆ ಅವರ ಭ್ರಮೆಯೇ ನಿಜವಾದಂತೆ.

ಅಡ್ಡಪರಿಣಾಮಗಳು ನಿಜ. ಕೈನಡುಕ, ಮೈ ಬಿಗಿತ, ಜೊಲ್ಲು, ಕೂತಲ್ಲಿ ಕೂರಲಾಗದ ಚಡಪಡಿಕೆ, ತೂಕ ಮತ್ತು ಸಕ್ಕರೆ ಏರುವುದು. ‘ಮಾತ್ರೆಯಿಂದ ಮಂಕಾಗಿದ್ದಾನೆ’ ಎಂದು ತಾವೇ ನಿಲ್ಲಿಸುವ ಬದಲು ವೈದ್ಯರಿಗೆ ಹೇಳಿದರೆ ಪ್ರಮಾಣ ಇಳಿಸಲು, ಔಷಧ ಬದಲಿಸಲು ದಾರಿಯಿದೆ. ಎರಡು ಔಷಧಗಳು ಫಲ ಕೊಡದವರಿಗೆ ಕ್ಲೋಝಪಿನ್ ಇದೆ. ಅದಕ್ಕೆ ಮೊದಲ 18 ವಾರ ಪ್ರತಿ ವಾರ ರಕ್ತಪರೀಕ್ಷೆ ಬೇಕು.

ಈ ಸೀಮೆಯ ರೋಗಿಗಳಿಗೆ ವಿಶೇಷವಾಗಿ ಹೇಳಬೇಕಾದದ್ದು ಕವಳದ, ಅಂದರೆ ಎಲೆಯಡಿಕೆಯ, ಬಗ್ಗೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ರಾಸಾಯನಿಕ ಮಿದುಳಿನ ಮಸ್ಕರಿನಿಕ್ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಪೆಸಿಫಿಕ್ ಸಾಗರದ ಪಲಾವು ದ್ವೀಪದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಡಿಕೆ ಜಗಿಯುವ ಸ್ಕಿಜೋಫ್ರೇನಿಯಾ ರೋಗಿಗಳ ಲಕ್ಷಣಗಳು ಜಗಿಯದವರಿಗಿಂತ ಸೌಮ್ಯವಾಗಿ ಕಂಡವು. ಅರೆಕೋಲಿನ್ ರಚನೆಯಿಂದಲೇ ಪ್ರೇರಿತವಾದ ಝನೋಮೆಲಿನ್ ಎಂಬ ಔಷಧಕ್ಕೆ, ಟ್ರೋಸ್ಪಿಯಂ ಜತೆ ಸೇರಿಸಿ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮಿದುಳಿನ ಡೋಪಮಿನ್ ರಾಸಾಯನಿಕವನ್ನು ತಡೆಯುವ ಹಳೆಯ ಔಷಧಗಳ ದಾರಿ ಬಿಟ್ಟು ಹಲವು ದಶಕಗಳ ನಂತರ ಬಂದ ಹೊಸ ಬಗೆ ಅದು. ಶಿರಸಿಯ ತೋಟಗಳಲ್ಲಿ ಬೆಳೆಯುವ ಅಡಿಕೆಗೂ ಈ ಕಾಯಿಲೆಯ ಹೊಸ ಔಷಧಕ್ಕೂ ಇರುವ ನಂಟು ಇಷ್ಟು ಹತ್ತಿರದ್ದು.

ಹಾಗೆಂದು ಕವಳ ಮದ್ದಲ್ಲ. ಚಿಕಿತ್ಸೆಯಲ್ಲಿದ್ದವರು ವಿಪರೀತ ಅಡಿಕೆ ಜಗಿದಾಗ ಮೈ ಬಿಗಿತ, ನಡುಕ ಉಲ್ಬಣಿಸಿದ ಪ್ರಕರಣಗಳು 1989ರಲ್ಲೇ ಬ್ರಿಟನ್ನಿನಲ್ಲಿ ವರದಿಯಾಗಿವೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಬೀಡಿ, ಸಿಗರೇಟಿನ ಹೊಗೆ ಒಲಾನ್‌ಝಪಿನ್, ಕ್ಲೋಝಪಿನ್ ಔಷಧಗಳ ಅಂಶವನ್ನು ರಕ್ತದಲ್ಲಿ ಇಳಿಸಿಬಿಡುತ್ತದೆ. ದಿನಕ್ಕೆ ಎಷ್ಟು ಕವಳ, ಎಷ್ಟು ಬೀಡಿ ಎಂಬುದನ್ನು ವೈದ್ಯರು ಕೇಳದಿದ್ದರೂ ಮನೆಯವರು ಹೇಳಬೇಕು.

ನಮ್ಮ ಕಾಡಿನ ಸರ್ಪಗಂಧಿಯ ಹೆಸರೂ ಈ ಚರಿತ್ರೆಯಲ್ಲಿದೆ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಚಂದ್ರ ಬೋಸ್ ಅದರ ಬೇರು ಉನ್ಮಾದಕ್ಕೂ ರಕ್ತದೊತ್ತಡಕ್ಕೂ ಉಪಯುಕ್ತವೆಂದು ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ಅದರಿಂದ ರಿಸರ್ಪಿನ್ ಬೇರ್ಪಡಿಸಿದರು. ಕೆಲವು ವರ್ಷ ಅದನ್ನು ಮನೋರೋಗಕ್ಕೆ ಬಳಸಿದರು, ಖಿನ್ನತೆ, ರಕ್ತದೊತ್ತಡ ಕುಸಿತಗಳ ಕಾರಣಕ್ಕೆ ಬಿಟ್ಟರು. ಬೇರು ತೇದು ಕುಡಿಸುವ ಮನೆಮದ್ದು ಇಂದಿನ ಮಾತ್ರೆಗಳ ಜತೆ ಅಪಾಯಕಾರಿ.

ಮನೆಯ ಹವೆ, ತೋಟದ ಕೆಲಸ

ಲಂಡನ್ನಿನಲ್ಲಿ ಕ್ರಿಸ್ಟೀನ್ ವಾನ್ ಮತ್ತು ಜೂಲಿಯನ್ ಲೆಫ್ 1976ರಲ್ಲಿ ಪ್ರಕಟಿಸಿದ ಅಧ್ಯಯನ ಆಸ್ಪತ್ರೆಯಿಂದ ಮರಳಿದವರ ಮನೆಗಳನ್ನು ಗಮನಿಸಿತು. ಸದಾ ಟೀಕೆ, ಹಗೆ, ಇಲ್ಲವೇ ಉಸಿರುಗಟ್ಟಿಸುವಷ್ಟು ಅತಿಕಾಳಜಿ ಇದ್ದ ಮನೆಗಳಲ್ಲಿ ಕಾಯಿಲೆ ಬಹಳ ಹೆಚ್ಚು ಮರುಕಳಿಸಿತ್ತು. ಚಂಡೀಗಢದಲ್ಲಿ ಅದೇ ವಿಧಾನದಲ್ಲಿ ನೋಡಿದಾಗ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ ಇದ್ದವು. ಭಾರತದ ಕುಟುಂಬದಲ್ಲಿ ಒಂದು ಶಕ್ತಿ ಇದೆ ಎಂಬುದನ್ನು ಅಮೃತಸರದ ಮನೋವೈದ್ಯ ವಿದ್ಯಾಸಾಗರ್ 1950ರ ದಶಕದಲ್ಲೇ ಗುರುತಿಸಿ, ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿಸಿ ರೋಗಿಗಳೊಡನೆ ಮನೆಯವರನ್ನೂ ಇರಿಸಿಕೊಂಡಿದ್ದರು.

ಅತಿಕಾಳಜಿಯೂ ಟೀಕೆಯಷ್ಟೇ ಭಾರ ಎಂಬುದು ನಮ್ಮಲ್ಲಿ ಬೇಗ ಅರ್ಥವಾಗುವುದಿಲ್ಲ. ಮೂವತ್ತು ವರ್ಷದ ಮಗನಿಗೆ ತುತ್ತು ಕಲಸಿ ಕೊಡುವ ಆಯಿ, ಒಂದು ಗಳಿಗೆ ಕಣ್ಣು ತಪ್ಪಿಸದ ಅಪ್ಪಯ್ಯ, ಇಬ್ಬರದೂ ಪ್ರೀತಿಯೇ. ಆದರೆ ಚೇತರಿಕೆಗೆ ಬೇಕಾದದ್ದು ಸ್ವಲ್ಪ ಜಾಗ ಮತ್ತು ಸ್ವಲ್ಪ ಕೆಲಸ. ಇಲ್ಲಿ ಅಡಿಕೆ ಮನೆಗಳಿಗೆ ಪೇಟೆಯ ಮನೆಗಳಿಗಿಲ್ಲದ ಅನುಕೂಲವಿದೆ. ಕೊಯ್ಲಿನ ಕಾಲದಲ್ಲಿ ಮರ ಹತ್ತುವ ಕೊನೆಗೌಡ ಇಳಿಸಿದ ಕೊನೆಗಳಿಂದ ಅಡಿಕೆ ಬಿಡಿಸುವುದು, ಸುಲಿಯುವುದು, ಅಟ್ಟಕ್ಕೆ ಸಾಗಿಸುವುದು, ಚಾಲಿ ಅಡಿಕೆ ಹರವುವುದು, ಕೊಟ್ಟಿಗೆಗೆ ಸೊಪ್ಪು ಹಾಕುವುದು: ವೇಗ, ಗಡುವು, ಮೇಲಧಿಕಾರಿ ಯಾವುದೂ ಇಲ್ಲದ, ನಾಲ್ಕು ಜನರ ನಡುವೆ ಕೂತು ಮಾತಿಲ್ಲದೆಯೂ ಮಾಡಬಹುದಾದ ಕೆಲಸಗಳಿವು. ಅರ್ಧ ಗಂಟೆಯಿಂದ ಆರಂಭಿಸಿ ಹೆಚ್ಚಿಸುತ್ತ ಹೋಗಬಹುದು. ಸುಲಿದ ಲೆಕ್ಕಕ್ಕೆ ಉಳಿದವರಿಗೆ ಕೊಟ್ಟಷ್ಟೇ ಹಣವನ್ನು ಇವರ ಕೈಗೂ ಕೊಡಬೇಕು. ಮರ ಹತ್ತುವುದು, ಗರಗಸದ ಯಂತ್ರ, ಬೈಕು ಮಾತ್ರ ವೈದ್ಯರನ್ನು ಕೇಳಿದ ಮೇಲೆ, ಏಕೆಂದರೆ ಕೆಲವು ಮಾತ್ರೆಗಳು ತೂಕಡಿಕೆ ತರುತ್ತವೆ.

ಕಾಯಿಲೆ ಮರಳುವ ಮುನ್ನ ಸುಳಿವುಗಳಿರುತ್ತವೆ, ಒಬ್ಬೊಬ್ಬರಲ್ಲಿ ಬೇರೆ ಬೇರೆ. ನಿದ್ದೆ ಹೋಗುವುದು, ಒಬ್ಬರೇ ಗೊಣಗುವುದು, ಊಟ ಬಿಡುವುದು, ಹಳೆಯ ಸಂಶಯ ಮತ್ತೆ ಇಣುಕುವುದು. ಮನೆಯವರು ಅವನ್ನು ರೋಗಿಯ ಜತೆಗೇ ಕೂತು ಬರೆದಿಟ್ಟುಕೊಂಡರೆ ಮೊದಲ ವಾರದಲ್ಲೇ ವೈದ್ಯರನ್ನು ಕಾಣಲು ಸಾಧ್ಯ.

ಅಪಾಯದ ಹೊತ್ತು

ಸ್ಕಿಜೋಫ್ರೇನಿಯಾ ಇರುವವರು ಹಿಂಸೆಗಿಳಿಯುತ್ತಾರೆ ಎಂಬ ಭಯ ಸಿನಿಮಾಗಳಿಂದ ಬೆಳೆದದ್ದು. ಬಹುಪಾಲು ಮಂದಿ ಯಾರಿಗೂ ಕೇಡು ಮಾಡುವುದಿಲ್ಲ. ಹೆಚ್ಚಿನ ಅಪಾಯ ಅವರಿಗೇ: ಸುಮಾರು ನೂರರಲ್ಲಿ ಐವರು ಆತ್ಮಹತ್ಯೆಯಿಂದ ಸಾಯುತ್ತಾರೆ. ತೋಟದ ಮನೆಗಳಲ್ಲಿ ಇದಕ್ಕೆ ಸಾಧನಗಳು ಕೈಗೆಟುಕುವಲ್ಲೇ ಇರುತ್ತವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡಲು ತಂದ ಮೈಲುತುತ್ತ, ಕಳೆನಾಶಕ, ಬೆಳೆ ಕಾಯಲು ಪರವಾನಗಿ ಪಡೆದ ಬಂದೂಕು, ಕಟ್ಟೆಯಿಲ್ಲದ ಬಾವಿ. ಮೈಲುತುತ್ತ ಮತ್ತು ಕಳೆನಾಶಕಕ್ಕೆ ಬೀಗ, ಬಂದೂಕು ಮನೆಯಿಂದಲೇ ಆಚೆ, ಬಾವಿಗೆ ಕಟ್ಟೆ ಮತ್ತು ಬಲೆ. ಇಷ್ಟನ್ನು ಕಾಯಿಲೆ ಗೊತ್ತಾದ ವಾರವೇ ಮಾಡಬೇಕು. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳುವುದರಿಂದ ಅಂಥ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಬರುತ್ತದೆ.

ತೀರಾ ಉದ್ರೇಕಗೊಂಡಾಗ ಸುತ್ತ ಗುಂಪು ಸೇರಬಾರದು. ಒಬ್ಬರು ಕೈಯಳತೆಗಿಂತ ಆಚೆ ನಿಂತು ತಗ್ಗಿದ ದನಿಯಲ್ಲಿ ಮಾತಾಡಬೇಕು, ಬಾಗಿಲಿಗೆ ಅಡ್ಡ ನಿಲ್ಲಬಾರದು. ಕೈಮೀರಿದರೆ 108 ಅಥವಾ 112ಕ್ಕೆ ಕರೆ ಮಾಡಬೇಕು. ಸರಪಳಿಯಲ್ಲಿ ಕಟ್ಟುವುದನ್ನು ನಿಲ್ಲಿಸಲೇಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರ್ವಾಡಿಯಲ್ಲಿ ಬೆಂಕಿ ಬಿದ್ದಾಗ ಓಡಲಾಗದೆ ಸತ್ತ 28 ಮಂದಿ ಸರಪಳಿಯಲ್ಲಿದ್ದ ಮನೋರೋಗಿಗಳು. 2018ರ ಮೇ 29ರಿಂದ ಜಾರಿಯಲ್ಲಿರುವ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ರೋಗಿಯನ್ನು ಸರಪಳಿಯಲ್ಲಿ ಬಂಧಿಸುವುದನ್ನೂ, ಅರಿವಳಿಕೆಯಿಲ್ಲದೆ ವಿದ್ಯುತ್ ಚಿಕಿತ್ಸೆ ಕೊಡುವುದನ್ನೂ ನಿಷೇಧಿಸಿದೆ. ಒಪ್ಪದ ರೋಗಿಯನ್ನು ಅಗತ್ಯವಿದ್ದಾಗ ಒಬ್ಬ ಮನೋವೈದ್ಯರೂ ಸೇರಿ ಇಬ್ಬರು ತಜ್ಞರ ಪರೀಕ್ಷೆಯ ನಂತರ 30 ದಿನಗಳವರೆಗೆ ದಾಖಲಿಸಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ದಿಕ್ಕಿಲ್ಲದೆ ಅಲೆಯುವ ಮನೋರೋಗಿಯನ್ನು ಪೊಲೀಸರು ಠಾಣೆಯಲ್ಲಿ ಕೂಡಿಹಾಕದೆ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು.

ನೋಡಿಕೊಳ್ಳುವವರು, ಅವರ ನಂತರ

ನೋಡಿಕೊಳ್ಳುವವರೂ ದಣಿಯುತ್ತಾರೆ. ಉಳಿದ ಮಕ್ಕಳೆಲ್ಲ ಬೆಂಗಳೂರು ಸೇರಿ, ಎಪ್ಪತ್ತು ದಾಟಿದ ಇಬ್ಬರು ಮುದುಕರು ನಲವತ್ತರ ಮಗನನ್ನು ನೋಡಿಕೊಳ್ಳುತ್ತಿರುವ ಮನೆಗಳು ಘಟ್ಟದ ಮೇಲೆ ಕಡಿಮೆಯಿಲ್ಲ. ಬೆಂಗಳೂರಿನ ಅಣ್ಣತಮ್ಮಂದಿರು ವರ್ಷಕ್ಕೆ ಕೆಲವು ವಾರ ಬಂದು ನಿಂತು ಆಯಿ-ಅಪ್ಪಯ್ಯನಿಗೆ ಬಿಡುವು ಕೊಡುವುದು ದುಡ್ಡು ಕಳಿಸುವುದಕ್ಕಿಂತ ದೊಡ್ಡ ನೆರವು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿಮಾಡಿರುವ 21 ಬಗೆಯ ವೈಕಲ್ಯಗಳಲ್ಲಿ ಮನೋರೋಗವೂ ಸೇರಿದೆ. ವೈಕಲ್ಯ ಶೇ 40 ಅಥವಾ ಹೆಚ್ಚೆಂದು ಸರ್ಕಾರಿ ವೈದ್ಯರು ಪ್ರಮಾಣೀಕರಿಸಿದರೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಸಿಗುತ್ತದೆ, ಮಾಸಾಶನಕ್ಕೆ ಅರ್ಜಿ ಹಾಕಬಹುದು. ಊರಿಗೆ ಗೊತ್ತಾದೀತೆಂದು ಈ ಹಕ್ಕನ್ನು ಬಿಡುವ ಮನೆಗಳು ಬಹಳ.

ನಾವು ಹೋದ ಮೇಲೆ ಇವನ ಗತಿಯೇನು ಎಂಬ ಪ್ರಶ್ನೆಗೆ ಕಾನೂನು ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಬುದ್ಧಿಮಾಂದ್ಯತೆ, ಆಟಿಸಂ ಇರುವವರಿಗೆ ಪಾಲಕರನ್ನು ನೇಮಿಸುವ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯ ವ್ಯಾಪ್ತಿಗೆ ಸ್ಕಿಜೋಫ್ರೇನಿಯಾ ಬರುವುದಿಲ್ಲ. ಆದ್ದರಿಂದ ಮನೆಯವರೇ ಮುಂದಾಗಬೇಕು. ರೋಗಿ ಚೆನ್ನಾಗಿರುವಾಗ ತನ್ನ ಪರವಾಗಿ ಮಾತಾಡುವ ಪ್ರತಿನಿಧಿಯನ್ನು ಬಿಳಿ ಹಾಳೆಯ ಮೇಲೆ ಬರೆದು ಸಹಿ ಮಾಡಿ ನೇಮಿಸಿಕೊಳ್ಳಲು 2017ರ ಕಾಯ್ದೆ ಅವಕಾಶ ಕೊಟ್ಟಿದೆ. ಮುಂದೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಮುಂಗಡ ನಿರ್ದೇಶನವನ್ನೂ ಬರೆದಿಡಬಹುದು. ತೋಟದಲ್ಲಿ ಅವರ ಪಾಲು ಯಾವುದು, ಉತ್ಪನ್ನ ಯಾರ ಕೈಯಿಂದ ಅವರಿಗೆ ತಲುಪಬೇಕು ಎಂಬುದನ್ನು ವಕೀಲರನ್ನು ಕೇಳಿ ವಿಲ್ ಅಥವಾ ಟ್ರಸ್ಟ್ ಮೂಲಕ ಬರೆದಿಡಬೇಕು. ಮಾತ್ರೆಯ ಹೆಸರು, ಪ್ರಮಾಣ, ವೈದ್ಯರ ವಿಳಾಸ, ಕಾಯಿಲೆ ಮರಳುವ ಸುಳಿವುಗಳು ಇರುವ ಒಂದು ಪುಸ್ತಕ ಮನೆಯಲ್ಲಿರಬೇಕು, ಅದು ಎಲ್ಲಿದೆಯೆಂದು ಕನಿಷ್ಠ ಇಬ್ಬರಿಗೆ ಗೊತ್ತಿರಬೇಕು. ಅಪ್ಪಯ್ಯ ಆಯಿ ಗಟ್ಟಿಮುಟ್ಟಾಗಿರುವಾಗಲೇ, ಅಣ್ಣ ತಮ್ಮ ಅಕ್ಕ ತಂಗಿಯರೆಲ್ಲ ಹಬ್ಬಕ್ಕೆ ಮನೆಗೆ ಬಂದಾಗ, ರೋಗಿಯನ್ನೂ ಜತೆಗೆ ಕೂರಿಸಿಕೊಂಡು ಈ ಮಾತು ಮುಗಿಸಬೇಕು.